ಹಳೆಯ ಆಕರ್ಷಣೆ, ಹೊಸ ಆದಾಯ: ಅಮೆರಿಕದ ಥೀಮ್ ಪಾರ್ಕ್‌ಗಳು ಕಲಿಸುವ ವ್ಯಾಪಾರ ಪಾಠ

ಯಾವ ಸರಕನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂಬ ಪ್ರಶ್ನೆ ಪ್ರತಿಯೊಬ್ಬ ವ್ಯಾಪಾರಿಗೂ ಉತ್ಪಾದಕನಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ತಂದೆಯ ಕಾಲದಿಂದ ತಯಾರಾಗುತ್ತಿರುವ ಮಾದರಿಗೆ ಬೇಡಿಕೆ ಕುಗ್ಗಿದೆ. ಅದೇ ಯಂತ್ರದಲ್ಲಿ, ಅದೇ ಜಾಗದಲ್ಲಿ ಹೊಸ ಮಾದರಿ ತಯಾರಿಸಿದರೆ ಹೆಚ್ಚು ಲಾಭ ಬರುವಂತೆ ಕಾಣುತ್ತದೆ. ಆದರೆ ಹಳೆಯದನ್ನು ಹುಡುಕಿಕೊಂಡು ಬರುವ ಗ್ರಾಹಕ ಹೊಸದನ್ನೂ ಕೊಳ್ಳುವನೇ ಎಂಬುದು ಖಚಿತವಿಲ್ಲ. ಈ ಪ್ರಶ್ನೆಯನ್ನು ಬಹಿರಂಗವಾಗಿ, ಲಕ್ಷಾಂತರ ಜನರ ಕಣ್ಣೆದುರಿನಲ್ಲಿ, ದಶಕಗಳಿಂದ ಎದುರಿಸುತ್ತಿರುವ ಉದ್ಯಮವೊಂದಿದೆ. ಅದು ಅಮೆರಿಕದ ಥೀಮ್ ಪಾರ್ಕ್ ಉದ್ಯಮ. ಅಲ್ಲಿ ನಡೆದ ಬದಲಾವಣೆಗಳ ಯಶಸ್ಸು ಮತ್ತು ವೈಫಲ್ಯಗಳೆರಡೂ ಸಣ್ಣ ಉದ್ಯಮಿಗಳ ಅಧ್ಯಯನಕ್ಕೆ ಯೋಗ್ಯವಾಗಿವೆ.

ಹಿನ್ನೆಲೆ

ವಾಲ್ಟ್ ಡಿಸ್ನಿಯವರು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಪಾರ್ಕನ್ನು 1955ರ ಜುಲೈ 17ರಂದು ಆರಂಭಿಸಿದರು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 1971ರಲ್ಲಿಯೂ, ಅದರ ಎಪ್ಕಾಟ್ ವಿಭಾಗ 1982ರಲ್ಲಿಯೂ, ಪ್ರತಿಸ್ಪರ್ಧಿ ಸಂಸ್ಥೆಯ ಯೂನಿವರ್ಸಲ್ ಸ್ಟುಡಿಯೋಸ್ ಫ್ಲೋರಿಡಾ 1990ರಲ್ಲಿಯೂ ತೆರೆದವು. ಪಾರ್ಕ್ ಎಂದಿಗೂ ಪೂರ್ಣಗೊಳ್ಳುವುದಿಲ್ಲ, ಅದು ಬೆಳೆಯುತ್ತಲೇ ಇರಬೇಕು ಎಂಬುದು ಸ್ವತಃ ಡಿಸ್ನಿಯವರ ನಿಲುವಾಗಿತ್ತು. ಆದ್ದರಿಂದ ಬದಲಾವಣೆ ಈ ಉದ್ಯಮಕ್ಕೆ ಹೊಸತಲ್ಲ. ಹೊಸತೆಂದರೆ ಬದಲಾವಣೆಯ ಸ್ವರೂಪ. ಮೊದಲಿನ ಅನೇಕ ಆಕರ್ಷಣೆಗಳನ್ನು ಪಾರ್ಕಿಗಾಗಿಯೇ ಕಲ್ಪಿಸಿ ಕಟ್ಟಲಾಗಿತ್ತು. ಇತ್ತೀಚಿನವುಗಳಲ್ಲಿ ಹೆಚ್ಚಿನವು ಈಗಾಗಲೇ ಜನಪ್ರಿಯವಾಗಿರುವ ಚಲನಚಿತ್ರಗಳ ಪಾತ್ರಗಳನ್ನು ಆಧರಿಸಿವೆ. ಚಿತ್ರ, ಆಟಿಕೆ, ಉಡುಪು ಮತ್ತು ಸವಾರಿ ಒಂದಕ್ಕೊಂದು ಪ್ರಚಾರ ನೀಡುವುದರಿಂದ ಇವು ವಾಣಿಜ್ಯ ದೃಷ್ಟಿಯಿಂದ ಅನುಕೂಲಕರವಾಗಿವೆ.

ಹಳೆಯದು ಏಕೆ ಹೋಗುತ್ತದೆ?

ಮೊದಲನೆಯ ಕಾರಣ ನಿರ್ವಹಣಾ ವೆಚ್ಚ. ಫ್ಲೋರಿಡಾದಲ್ಲಿ 1971ರಲ್ಲಿ ಆರಂಭವಾದ ಜಲಾಂತರ್ಗಾಮಿ ಸವಾರಿಯಲ್ಲಿ ಜನರು ಕಿರಿದಾದ ಮೆಟ್ಟಿಲಿಳಿದು ದೋಣಿಯೊಳಗೆ ಕೂರಬೇಕಾಗಿತ್ತು. ಹತ್ತಿಸಿ ಇಳಿಸಲು ಸಮಯ ಹಿಡಿಯುತ್ತಿತ್ತು. ದೊಡ್ಡ ಕೊಳವನ್ನೂ ದೋಣಿಗಳನ್ನೂ ಸುಸ್ಥಿತಿಯಲ್ಲಿಡುವುದು ದುಬಾರಿಯಾಗಿತ್ತು. 1994ರಲ್ಲಿ ಅದನ್ನು ನಿಲ್ಲಿಸಲಾಯಿತು.

ಎರಡನೆಯದು ಪ್ರಾಯೋಜಕರ ನಿರ್ಗಮನ. ಎಪ್ಕಾಟ್‌ನಲ್ಲಿ ಇಂಧನ ವಿಷಯವನ್ನು ಕುರಿತ ಬೃಹತ್ ಪ್ರದರ್ಶನಕ್ಕೆ ಎಕ್ಸಾನ್ ಕಂಪನಿ ಆರಂಭದಿಂದಲೂ ಪ್ರಾಯೋಜಕತ್ವ ನೀಡುತ್ತಿತ್ತು. 2004ರಲ್ಲಿ ಅದು ಹಿಂದೆ ಸರಿಯಿತು. ಪ್ರದರ್ಶನ 2017ರವರೆಗೆ ನಡೆದು ಮುಚ್ಚಿತು. ಅದರ ಸ್ಥಾನದಲ್ಲಿ 2022ರ ಮೇ ತಿಂಗಳಲ್ಲಿ ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ಚಿತ್ರಸರಣಿಯ ರೋಲರ್ ಕೋಸ್ಟರ್ ಬಂದಿತು.

ಮೂರನೆಯದು ಹಕ್ಕಿನ ಪ್ರಶ್ನೆ. ಫ್ಲೋರಿಡಾದ ಡಿಸ್ನಿ ಸ್ಟುಡಿಯೋ ಪಾರ್ಕಿನಲ್ಲಿ 1989ರಿಂದ ನಡೆದಿದ್ದ ಗ್ರೇಟ್ ಮೂವಿ ರೈಡ್ ಬಹುಪಾಲು ಅನ್ಯ ಸಂಸ್ಥೆಗಳ ಚಿತ್ರಗಳನ್ನು ಅವಲಂಬಿಸಿತ್ತು. 2017ರಲ್ಲಿ ಅದನ್ನು ಮುಚ್ಚಿ, 2020ರಲ್ಲಿ ಅದೇ ಕಟ್ಟಡದಲ್ಲಿ ಮಿಕ್ಕಿ ಮತ್ತು ಮಿನ್ನಿ ಪಾತ್ರಗಳ ಸವಾರಿಯನ್ನು ತೆರೆಯಲಾಯಿತು. ಮಿಕ್ಕಿ ಸಂಸ್ಥೆಯ ಸ್ವಂತ ಆಸ್ತಿ. ಗಮನಿಸಬೇಕಾದ ಅಂಶವೆಂದರೆ, ಕಟ್ಟಡದ ಪ್ರಸಿದ್ಧ ಮುಂಭಾಗವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಾಯಿತು.

ಬದಲಾವಣೆಯ ಮೂರು ಮಾರ್ಗಗಳು

ಪೂರ್ತಿ ತೆಗೆದು ಹೊಸದನ್ನು ಕಟ್ಟುವುದು ಮೊದಲನೆಯ ಮಾರ್ಗ. ಯೂನಿವರ್ಸಲ್‌ನ ಜಾಸ್ ಸವಾರಿ ಇದಕ್ಕೆ ಉತ್ತಮ ನಿದರ್ಶನ. ನೀರಿನಿಂದ ಯಾಂತ್ರಿಕ ಶಾರ್ಕ್ ಮೇಲೆದ್ದು ದೋಣಿಯ ಮೇಲೆ ಎರಗುವ ಈ ಆಕರ್ಷಣೆ 1990ರಲ್ಲಿ ತೆರೆದಾಗ ತಾಂತ್ರಿಕವಾಗಿ ವಿಫಲವಾಯಿತು. ಪುನಃ ನಿರ್ಮಿಸಿ 1993ರಲ್ಲಿ ಮತ್ತೆ ತೆರೆಯಬೇಕಾಯಿತು. ಆ ಬಳಿಕ ಜನರ ಪ್ರೀತಿಯನ್ನು ಗಳಿಸಿದ ಅದನ್ನು 2012ರ ಜನವರಿ 2ರಂದು ಮುಚ್ಚಲಾಯಿತು. ಅಭಿಮಾನಿಗಳು ಬೇಸರಗೊಂಡರು. ಆದರೆ 2014ರ ಜುಲೈ 8ರಂದು ಅದೇ ನೆಲದಲ್ಲಿ ತೆರೆದ ಹ್ಯಾರಿ ಪಾಟರ್ ಕಥೆಯ ಡಯಾಗನ್ ಆಲಿ ಎಂಬ ಬೀದಿ ಆ ಬೇಸರವನ್ನು ಬಹುಮಟ್ಟಿಗೆ ಮರೆಸಿತು.

ಈ ಯಶಸ್ಸಿನ ಹಿಂದಿನ ವ್ಯಾಪಾರ ವಿನ್ಯಾಸ ಗಮನಾರ್ಹವಾದುದು. ಇಲ್ಲಿ ಅಂಗಡಿಗಳು ಸವಾರಿಯ ಕೊನೆಯಲ್ಲಿ ಅಂಟಿಸಿದ ಮಳಿಗೆಗಳಲ್ಲ, ಅಂಗಡಿಬೀದಿಯೇ ಆಕರ್ಷಣೆ. ಕಥೆಯಲ್ಲಿ ಬರುವ ಮಂತ್ರದಂಡದ ಅಂಗಡಿಯಲ್ಲಿ ಮಂತ್ರದಂಡ ಕೊಂಡ ಮಗು ಅದನ್ನು ಬೀದಿಯ ಕಿಟಕಿಗಳ ಮುಂದೆ ಬೀಸಿದರೆ ಒಳಗಿನ ವಸ್ತುಗಳು ಚಲಿಸುತ್ತವೆ. ಹೀಗೆ ಮಾರಾಟದ ಸರಕೇ ಆಟದ ಸಾಧನವಾಗುತ್ತದೆ. ಕಥೆಯ ಬಟರ್‌ಬಿಯರ್ ಎಂಬ ಮದ್ಯರಹಿತ ಪಾನೀಯವೂ ಅಲ್ಲಿ ದೊರೆಯುತ್ತದೆ. ಪಕ್ಕದ ಪಾರ್ಕಿನಲ್ಲಿರುವ ಹಾಗ್ಸ್‌ಮೀಡ್ ಗ್ರಾಮಕ್ಕೆ ಹೋಗುವ ರೈಲನ್ನು ಹತ್ತಬೇಕಾದರೆ ಎರಡೂ ಪಾರ್ಕ್‌ಗಳ ಟಿಕೆಟ್ ಇರಲೇಬೇಕು. 2010ರಲ್ಲಿ ಹಾಗ್ಸ್‌ಮೀಡ್ ತೆರೆದಾಗಿನ ಅನುಭವ ಯೂನಿವರ್ಸಲ್‌ಗೆ ಧೈರ್ಯ ನೀಡಿತ್ತು. ಉದ್ಯಮ ಸಂಘಟನೆಯ ಅಂದಾಜಿನ ಪ್ರಕಾರ ಆ ಪಾರ್ಕಿನ ವಾರ್ಷಿಕ ಭೇಟಿಗಳು 2009ರಲ್ಲಿ ಸುಮಾರು 46 ಲಕ್ಷವಿದ್ದು, 2011ರಲ್ಲಿ ಸುಮಾರು 76 ಲಕ್ಷಕ್ಕೆ ಏರಿದವು. ಆದರೆ ಹ್ಯಾರಿ ಪಾಟರ್ ಯೂನಿವರ್ಸಲ್‌ನ ಸ್ವಂತ ಆಸ್ತಿಯಲ್ಲ, ಪರವಾನಗಿ ಪಡೆದು ಬಳಸುತ್ತಿರುವ ಹೆಸರು ಎಂಬುದನ್ನು ಇಲ್ಲಿ ಮರೆಯಬಾರದು.

ಹಳೆಯ ಯಂತ್ರಕ್ಕೆ ಹೊಸ ಉಡುಪು ತೊಡಿಸುವುದು ಎರಡನೆಯ ಮಾರ್ಗ. ಎಪ್ಕಾಟ್‌ನ ನಾರ್ವೆ ವಿಭಾಗದಲ್ಲಿ 1988ರಿಂದ ಇದ್ದ ಮೇಲ್‌ಸ್ಟ್ರಾಮ್ ದೋಣಿ ಸವಾರಿಯನ್ನು 2014ರಲ್ಲಿ ನಿಲ್ಲಿಸಿ, ಅದೇ ಜಲಮಾರ್ಗದಲ್ಲಿ ಫ್ರೋಜನ್ ಚಿತ್ರದ ಸವಾರಿಯನ್ನು 2016ರಲ್ಲಿ ಆರಂಭಿಸಲಾಯಿತು. ನಿಜವಾದ ದೇಶವೊಂದನ್ನು ಪರಿಚಯಿಸುವ ಸ್ಥಳದಲ್ಲಿ ಕಲ್ಪಿತ ರಾಜ್ಯದ ಕಥೆ ಸಲ್ಲದು ಎಂಬ ಆಕ್ಷೇಪ ಬಂದರೂ ಸರದಿಯ ಸಾಲು ಮಾತ್ರ ಉದ್ದವಾಯಿತು. ಸ್ಪ್ಲಾಶ್ ಮೌಂಟನ್‌ನ ವಿಷಯ ಬೇರೆ. ಅದು ಆಧರಿಸಿದ್ದ 1946ರ ಚಿತ್ರದಲ್ಲಿ ಕಪ್ಪುಜನರ ಚಿತ್ರಣ ಆಕ್ಷೇಪಾರ್ಹವೆಂಬ ಟೀಕೆ ಬಹುಕಾಲದಿಂದ ಇತ್ತು. ಬದಲಾವಣೆಯನ್ನು 2020ರಲ್ಲಿ ಪ್ರಕಟಿಸಿ, ಅಮೆರಿಕದ ಎರಡೂ ಪಾರ್ಕ್‌ಗಳಲ್ಲಿ 2023ರಲ್ಲಿ ಅದನ್ನು ಮುಚ್ಚಿ, 2024ರಲ್ಲಿ ಟಿಯಾನಾ ಎಂಬ ನಾಯಕಿಯ ಕಥೆಯೊಂದಿಗೆ ತೆರೆಯಲಾಯಿತು. ಜನರು ಬಯಸುತ್ತಿದ್ದ ಆ ಕಡಿದಾದ ಜಲಪಾತದ ಇಳಿತ ಹಾಗೆಯೇ ಉಳಿಯಿತು.

ಜಲಾಂತರ್ಗಾಮಿಗಳ ವಿಷಯದಲ್ಲಿ ಎರಡು ಊರುಗಳ ಹೋಲಿಕೆ ಬೋಧಪ್ರದವಾಗಿದೆ. ಫ್ಲೋರಿಡಾದಲ್ಲಿ 1994ರಲ್ಲಿ ಸವಾರಿ ನಿಂತ ಮೇಲೆ ಮುಂದೇನು ಎಂಬ ತೀರ್ಮಾನವಿಲ್ಲದೆ ಆ ಕೊಳ ಸುಮಾರು ಹತ್ತು ವರ್ಷ ನಿಷ್ಪ್ರಯೋಜಕವಾಗಿ ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಿಯೂ 1998ರಲ್ಲಿ ಸವಾರಿ ನಿಂತಿತ್ತು. ಆದರೆ ಅಲ್ಲಿ ಹಳೆಯ ದೋಣಿಗಳನ್ನೇ ಡೀಸೆಲ್‌ನಿಂದ ವಿದ್ಯುತ್ತಿಗೆ ಪರಿವರ್ತಿಸಿ, ಫೈಂಡಿಂಗ್ ನೀಮೋ ಚಿತ್ರದ ಪಾತ್ರಗಳೊಂದಿಗೆ 2007ರಲ್ಲಿ ಮತ್ತೆ ನೀರಿಗಿಳಿಸಲಾಯಿತು. ಮೆಟ್ಟಿಲಿಳಿಯಲಾಗದವರಿಗೆ ಅದೇ ದೃಶ್ಯವನ್ನು ನೋಡಲು ಪ್ರತ್ಯೇಕ ಕೊಠಡಿಯನ್ನೂ ಒದಗಿಸಲಾಯಿತು.

ಮೂರನೆಯದು ಹಳೆಯದನ್ನು ಉಳಿಸಿ ಹೊಸದನ್ನು ಸೇರಿಸುವ ಮಾರ್ಗ. 1967ರಲ್ಲಿ ಆರಂಭವಾದ ಕಡಲ್ಗಳ್ಳರ ಸವಾರಿಯನ್ನು ಆಧರಿಸಿ 2003ರಲ್ಲಿ ಚಲನಚಿತ್ರ ಬಂದು ಅಪಾರ ಯಶಸ್ಸು ಗಳಿಸಿತು. ಆಗ ಸವಾರಿಯನ್ನು ಕೆಡವದೆ, 2006ರಲ್ಲಿ ಚಿತ್ರದ ನಾಯಕ ಜಾಕ್ ಸ್ಪ್ಯಾರೋನ ಬೊಂಬೆಗಳನ್ನು ಹಳೆಯ ದೃಶ್ಯಗಳ ನಡುವೆ ಸೇರಿಸಲಾಯಿತು. ಅದೇ ಪಾರ್ಕಿನ 1969ರ ಭೂತಬಂಗಲೆಗೆ 2001ರಿಂದ ವರ್ಷದ ಕೆಲವು ತಿಂಗಳು ಮಾತ್ರ ಹಬ್ಬದ ಅಲಂಕಾರ ಮಾಡಿ, ನಂತರ ಮೂಲ ರೂಪಕ್ಕೆ ಮರಳಿಸುವ ಪದ್ಧತಿ ಆರಂಭವಾಯಿತು. ಇದರಿಂದ ಒಂದೇ ಆಸ್ತಿಯನ್ನು ನೋಡಲು ಗ್ರಾಹಕ ವರ್ಷಕ್ಕೆ ಎರಡು ಬಾರಿ ಬರುವ ಕಾರಣ ಸೃಷ್ಟಿಯಾಯಿತು.

ತಪ್ಪಿದ ಲೆಕ್ಕ: ಫಿಗ್ಮೆಂಟ್‌ನ ಪ್ರಕರಣ

ಎಲ್ಲ ಬದಲಾವಣೆಗಳೂ ಫಲಿಸಿಲ್ಲ. ಎಪ್ಕಾಟ್‌ನಲ್ಲಿ ಕೊಡಾಕ್ ಪ್ರಾಯೋಜಕತ್ವದಲ್ಲಿ 1983ರಲ್ಲಿ ತೆರೆದ ಕಲ್ಪನಾಲೋಕದ ಸವಾರಿಯ ಪ್ರಮುಖ ಪಾತ್ರ ಫಿಗ್ಮೆಂಟ್ ಎಂಬ ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್. ಯಾವ ಚಲನಚಿತ್ರದಿಂದಲೂ ಬಾರದೆ, ಪಾರ್ಕಿನಲ್ಲಿಯೇ ಹುಟ್ಟಿ ಬೆಳೆದ ಪಾತ್ರವದು. 1998ರಲ್ಲಿ ಸವಾರಿಯನ್ನು ಮುಚ್ಚಿ, 1999ರಲ್ಲಿ ಅದನ್ನು ಗಣನೀಯವಾಗಿ ಮೊಟಕುಗೊಳಿಸಿ, ಫಿಗ್ಮೆಂಟ್ ಪಾತ್ರವನ್ನು ಬಹುತೇಕ ಕೈಬಿಟ್ಟು ಮತ್ತೆ ತೆರೆಯಲಾಯಿತು. ಜನರ ಅಸಮಾಧಾನ ಎಷ್ಟಿತ್ತೆಂದರೆ ಎರಡೇ ವರ್ಷಗಳಲ್ಲಿ, ಅಂದರೆ 2001ರಲ್ಲಿ, ಪುನಃ ಬಾಗಿಲು ಮುಚ್ಚಿ, 2002ರಲ್ಲಿ ಫಿಗ್ಮೆಂಟ್‌ನನ್ನು ಮರಳಿ ತಂದು ಮೂರನೆಯ ರೂಪ ಕೊಡಬೇಕಾಯಿತು. ಒಂದೇ ಸ್ಥಳದ ನವೀಕರಣಕ್ಕೆ ಎರಡು ಬಾರಿ ಬಂಡವಾಳ ಹೂಡಬೇಕಾಗಿ ಬಂದಿತು.

ಈ ಪಾತ್ರದ ವಾಣಿಜ್ಯ ಮೌಲ್ಯ ಎಷ್ಟೆಂಬುದು 2022ರ ಜನವರಿಯಲ್ಲಿ ಸ್ಪಷ್ಟವಾಯಿತು. ಎಪ್ಕಾಟ್‌ನ ಕಲಾ ಉತ್ಸವದಲ್ಲಿ ಫಿಗ್ಮೆಂಟ್ ಆಕಾರದ ಪಾಪ್‌ಕಾರ್ನ್ ಡಬ್ಬವನ್ನು ಮಾರಾಟಕ್ಕಿಟ್ಟಾಗ ಜನರು ಹಲವು ಗಂಟೆಗಳ ಕಾಲ ಸರದಿಯಲ್ಲಿ ನಿಂತು ಕೊಂಡರು. ಅದೊಂದು ಪ್ಲಾಸ್ಟಿಕ್ ಡಬ್ಬ ಮಾತ್ರ. ಜನರು ಬೆಲೆ ತೆತ್ತದ್ದು ಆ ಹೆಸರಿಗೆ, ಬಾಲ್ಯದ ಆ ನೆನಪಿಗೆ. ಯಾವ ಆಸ್ತಿಯನ್ನು 1999ರಲ್ಲಿ ಬೆಲೆಯಿಲ್ಲದ್ದೆಂದು ಬದಿಗಿಡಲಾಗಿತ್ತೋ ಅದಕ್ಕೆ ರಾಯಧನ ಕೊಡಬೇಕಿರಲಿಲ್ಲ. ಅದು ಸಂಸ್ಥೆಯ ಸ್ವಂತದ್ದಾಗಿತ್ತು.

ಲೆಕ್ಕಪುಸ್ತಕದಲ್ಲಿ ಕಾಣದ ಆದಾಯ

ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ 1971ರಿಂದ ಹರಿಯುತ್ತಿದ್ದ ಕೃತಕ ನದಿ, ಅದರ ಹಬೆದೋಣಿ ಮತ್ತು 1973ರಿಂದ ಇದ್ದ ಟಾಮ್ ಸಾಯರ್ ದ್ವೀಪವನ್ನು 2025ರ ಜುಲೈನಲ್ಲಿ ಮುಚ್ಚಲಾಯಿತು. ಆ ಸ್ಥಳಕ್ಕೆ ಕಾರ್ಸ್ ಚಿತ್ರವನ್ನು ಆಧರಿಸಿದ ಹೊಸ ವಿಭಾಗ ಬರುವುದೆಂದು 2024ರಲ್ಲಿಯೇ ಪ್ರಕಟಿಸಲಾಗಿತ್ತು. ಹಬೆದೋಣಿಗೆ ಉದ್ದನೆಯ ಸರದಿ ಇರುತ್ತಿರಲಿಲ್ಲ. ವಿಶಾಲ ನೆಲವನ್ನು ಅದು ಆವರಿಸಿತ್ತು. ಚದರಡಿಯ ಲೆಕ್ಕದಲ್ಲಿ ಅದು ನಷ್ಟದ ಆಸ್ತಿಯೇ ಸರಿ. ಆದರೆ ಗದ್ದಲದ ನಡುವೆ ಮರದ ನೆರಳು, ನೀರಿನ ನೋಟ ಮತ್ತು ವೃದ್ಧರೂ ಮಕ್ಕಳೂ ಕುಳಿತು ವಿಶ್ರಮಿಸುವ ಅವಕಾಶವನ್ನು ಅದು ಒದಗಿಸುತ್ತಿತ್ತು. ದಣಿವಾರಿಸಿಕೊಂಡ ಕುಟುಂಬ ಸಂಜೆಯವರೆಗೆ ಪಾರ್ಕಿನಲ್ಲಿ ಉಳಿದು ಊಟ ಮಾಡುತ್ತದೆ, ವಸ್ತು ಕೊಳ್ಳುತ್ತದೆ. ಆ ಆದಾಯ ಹೋಟೆಲಿನ ಮತ್ತು ಅಂಗಡಿಯ ಖಾತೆಗೆ ಜಮೆಯಾಗುತ್ತದೆಯೇ ಹೊರತು ನದಿಯ ಖಾತೆಗಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದೇ ಸಮಸ್ಯೆಗೆ ಬೇರೆ ಪರಿಹಾರ ಕಂಡುಕೊಳ್ಳಲಾಗಿತ್ತು. ಸ್ಟಾರ್ ವಾರ್ಸ್ ವಿಭಾಗಕ್ಕೆ ಜಾಗ ಬೇಕಾದಾಗ 2016ರಲ್ಲಿ ನದಿಯನ್ನು ನಿಲ್ಲಿಸಿ, ಅದರ ಹಾದಿಯನ್ನು ಮೊಟಕುಗೊಳಿಸಿ, ಹೊಸ ಬಂಡೆಗಳು ಮತ್ತು ಜಲಪಾತಗಳೊಂದಿಗೆ 2017ರಲ್ಲಿ ಮತ್ತೆ ತೆರೆಯಲಾಯಿತು. ಹೊಸ ವಿಭಾಗ 2019ರಲ್ಲಿ ಆರಂಭವಾಯಿತು. ನದಿಯೂ ಉಳಿಯಿತು, ಜಾಗವೂ ದೊರೆಯಿತು.

ಸೀರೆ ಅಂಗಡಿಯವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಗ್ರಾಹಕರು ಕುಳಿತು ಸೀರೆ ನೋಡುವ ಗಾದಿಯನ್ನು ತೆಗೆದು ಅಲ್ಲಿ ಎರಡು ಕಪಾಟು ನಿಲ್ಲಿಸಿದರೆ ಸರಕು ಇಡಲು ಜಾಗ ಹೆಚ್ಚುತ್ತದೆ. ಆದರೆ ನಿಂತುಕೊಂಡು ಒಂದು ಸೀರೆ ಕೊಳ್ಳುವವರಿಗೂ, ಕುಳಿತು ನಾಲ್ಕು ಸೀರೆ ಕೊಳ್ಳುವವರಿಗೂ ಇರುವ ವ್ಯತ್ಯಾಸ ಕಪಾಟಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಹಳೆಯ ಉತ್ಪನ್ನದಲ್ಲಿ ಯಂತ್ರ, ಜಾಗ ಮತ್ತು ಹೆಸರು ಎಂಬ ಮೂರು ಆಸ್ತಿಗಳಿರುತ್ತವೆ. ಯಂತ್ರ ಸವೆದಿದೆ ಎಂಬ ಕಾರಣಕ್ಕೆ ಹೆಸರನ್ನೂ ಎಸೆಯಬಾರದು. ಮೂರನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕು.

2. ಗ್ರಾಹಕರು ಹಳೆಯದನ್ನು ಹೊಗಳುವುದು ಬೇರೆ, ಕೊಳ್ಳುವುದು ಬೇರೆ. ಮುಚ್ಚುವ ಸುದ್ದಿ ಕೇಳಿ ಮರುಗುವವರು ಕಳೆದ ವರ್ಷ ಎಷ್ಟು ಬಾರಿ ಕೊಂಡಿದ್ದರು ಎಂಬುದನ್ನು ಮಾರಾಟದ ದಾಖಲೆಯಿಂದಲೇ ತಿಳಿಯಬೇಕು. ಅಂತೆಯೇ, ಹಳೆಯ ಸರಕಿಗಾಗಿ ಬಂದವರು ಜೊತೆಗೆ ಬೇರೇನು ಕೊಳ್ಳುತ್ತಾರೆ ಎಂಬುದನ್ನೂ ಬಿಲ್ಲುಗಳಲ್ಲಿ ಪರಿಶೀಲಿಸಬೇಕು.

3. ಬದಲಿ ಯೋಜನೆ ಸಿದ್ಧವಾಗುವ ಮೊದಲು ಹಳೆಯದನ್ನು ನಿಲ್ಲಿಸಬಾರದು. ಹತ್ತು ವರ್ಷ ಪಾಳುಬಿದ್ದ ಕೊಳ ಯಾರಿಗೂ ಆದಾಯ ತರಲಿಲ್ಲ.

4. ಹೊಸದು ಹಳೆಯದಕ್ಕಿಂತ ಕಿರಿದಾಗಿಯೂ ಕಳಪೆಯಾಗಿಯೂ ಇದ್ದರೆ ಗ್ರಾಹಕ ಕ್ಷಮಿಸುವುದಿಲ್ಲ. ಶಾರ್ಕ್ ಹೋದುದನ್ನು ಜನ ಸಹಿಸಿದರು, ಏಕೆಂದರೆ ಬದಲಿಗೆ ದೊರೆತದ್ದು ದೊಡ್ಡದಾಗಿತ್ತು. ಫಿಗ್ಮೆಂಟ್ ಹೋದುದನ್ನು ಸಹಿಸಲಿಲ್ಲ.

5. ಪರವಾನಗಿ ಪಡೆದ ಹೆಸರು ಬೇಗ ಜನರನ್ನು ಸೆಳೆಯುತ್ತದೆ, ಆದರೆ ಅದು ಬಾಡಿಗೆಯ ಮನೆ. ಸ್ವಂತ ಹೆಸರು ನಿಧಾನವಾಗಿ ಬೆಳೆಯುತ್ತದೆ, ಆದರೆ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

6. ಸಾಧ್ಯವಾದಲ್ಲಿ ಪೂರ್ತಿ ತೆಗೆಯುವ ಮೊದಲು ಹಬ್ಬದ ಋತುವಿಗೆ ಸೀಮಿತವಾಗಿ ಹೊಸದನ್ನು ಸೇರಿಸಿ ನೋಡಬೇಕು. ಫಲ ನೀಡದಿದ್ದರೆ ಮೂಲಕ್ಕೆ ಮರಳುವ ದಾರಿ ತೆರೆದಿರುತ್ತದೆ.

ಸಮಾರೋಪ

ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಪೂಜ್ಯವಲ್ಲ. ಹೊಸದೆಂಬ ಒಂದೇ ಕಾರಣಕ್ಕೆ ಯಾವುದೂ ಲಾಭದಾಯಕವಲ್ಲ. ದೊಡ್ಡ ಸಂಸ್ಥೆ ಎರಡು ವರ್ಷಗಳಲ್ಲಿ ತನ್ನ ತಪ್ಪನ್ನು ಹಣ ಸುರಿದು ತಿದ್ದಿಕೊಳ್ಳಬಲ್ಲದು. ಸಣ್ಣ ಉದ್ಯಮಿಗೆ ಅಂಥ ಎರಡನೆಯ ಅವಕಾಶ ದೊರೆಯುವುದು ವಿರಳ. ಅಚ್ಚನ್ನು ಕರಗಿಸಿ, ಪಳಗಿದ ಕೆಲಸಗಾರರನ್ನು ಕಳುಹಿಸಿ, ಹಳೆಯ ಗುರುತನ್ನು ಕೈಬಿಟ್ಟ ಮೇಲೆ ಅವನ್ನು ಮತ್ತೆ ಕೂಡಿಸುವುದು ಕಷ್ಟ. ಆದ್ದರಿಂದ ಹೊಸದರಿಂದ ಎಷ್ಟು ಬರುತ್ತದೆ ಎಂದು ಎಣಿಸುವ ಮೊದಲು, ಹಳೆಯದು ಇದುವರೆಗೆ ಯಾವ ಯಾವ ಬಾಗಿಲಿನಿಂದ ಆದಾಯ ತರುತ್ತಿತ್ತು ಎಂಬುದನ್ನು ಎಣಿಸುವುದೇ ವಿವೇಕದ ವ್ಯಾಪಾರ.