ಅಮೆರಿಕದ ಲ್ಯಾಟಿನೋ ವಿದ್ಯಾರ್ಥಿಗಳು: ಕಾಲೇಜು ಪ್ರವೇಶದ ಸಾಮಾಜಿಕ ಅಂಶಗಳು

● ಜನಸಂಖ್ಯೆ: 2020ರ ಜನಗಣತಿಯಂತೆ ಹಿಸ್ಪಾನಿಕ್/ಲ್ಯಾಟಿನೋ ಸಮುದಾಯ ಸುಮಾರು 6.2 ಕೋಟಿ, ದೇಶದ ಜನಸಂಖ್ಯೆಯ ಶೇ 18.7.

● ಪ್ರಭಾವ ಬೀರುವ ಅಂಶಗಳು: ಕುಟುಂಬದ ಆದಾಯ, ಪೋಷಕರ ಶಿಕ್ಷಣ, ಮನೆಮಾತು, ವಲಸೆ ದಾಖಲೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರುವ ಮಗುವೇ ಎಷ್ಟೋ ಸಲ ‘ಫಾಫ್ಸಾ’ ಎಂಬ ಆರ್ಥಿಕ ನೆರವಿನ ಅರ್ಜಿಯನ್ನು ಅಪ್ಪ-ಅಮ್ಮನಿಗೆ ಸ್ಪ್ಯಾನಿಷ್‌ನಲ್ಲಿ ವಿವರಿಸಿ ತುಂಬಬೇಕಾಗುತ್ತದೆ.

● ಮೈಲಿಗಲ್ಲುಗಳು:
1947 – ಮೆಂಡೆಜ್ ಪ್ರಕರಣ: ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಮಕ್ಕಳನ್ನು ಪ್ರತ್ಯೇಕ ಶಾಲೆಗೆ ಹಾಕುವುದು ಕಾನೂನುಬಾಹಿರವೆಂದು ತೀರ್ಪು.
1968 – ಪೂರ್ವ ಲಾಸ್ ಏಂಜಲೀಸ್‌ನಲ್ಲಿ ವಿದ್ಯಾರ್ಥಿಗಳಿಂದ ತರಗತಿ ಬಹಿಷ್ಕಾರ.
1982 – ಪ್ಲೈಲರ್ ಪ್ರಕರಣ: ದಾಖಲೆಯಿಲ್ಲದ ವಲಸಿಗರ ಮಕ್ಕಳಿಗೂ ಉಚಿತ ಸರ್ಕಾರಿ ಶಾಲಾ ಶಿಕ್ಷಣ. ಕಾಲೇಜು ಇದರ ವ್ಯಾಪ್ತಿಗೆ ಬರುವುದಿಲ್ಲ.

● ನೆನಪಿಡಿ: ‘ಹಿಸ್ಪಾನಿಕ್ ಸೇವಾ ಸಂಸ್ಥೆ’ ಮಾನ್ಯತೆಗೆ ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 25 ಹಿಸ್ಪಾನಿಕ್ ಸಮುದಾಯದವರಿರಬೇಕು.