ಅಣುತ್ಯಾಜ್ಯಕ್ಕೆ ಜೇಡಿಮಣ್ಣಿನ ಕಾವಲು

ಅಕ್ಕಲಕೋಟೆ ಸೀಮೆಯ ಎರೆಭೂಮಿಯ ಗುಣವನ್ನು ಇಲ್ಲಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕುಬಿಟ್ಟ ಹೊಲವು ಮಳೆ ಬಿದ್ದೊಡನೆ ಊದಿ, ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ಮಣ್ಣಿನ ಮೇಲೆ ಎಬ್ಬಿಸಿದ ಗೋಡೆ ಸೀಳುತ್ತದೆಂದು ನಾವು ಅಡಿಪಾಯಕ್ಕೆ ಮುರುಮು ತಂದು ತುಂಬುತ್ತೇವೆ. ಮನೆ ಕಟ್ಟುವವನಿಗೆ ಶತ್ರುವಾದ ಈ ಗುಣವನ್ನೇ ಫಿನ್ಲೆಂಡಿನ ಎಂಜಿನಿಯರುಗಳು ಲಕ್ಷ ವರ್ಷಗಳ ಕಾವಲಿಗೆ ಆರಿಸಿಕೊಂಡಿದ್ದಾರೆ.

ಅಣುವಿದ್ಯುತ್ ಸ್ಥಾವರದಲ್ಲಿ ಬಳಸಿ ತೆಗೆದ ಇಂಧನವು ಉಗ್ರ ವಿಕಿರಣವುಳ್ಳದ್ದು. ಅದರೊಳಗಿನ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. ಫಿನ್ಲೆಂಡ್ ದೇಶವು 2004ರಲ್ಲಿ ಓಲ್ಕಿಲುವೊಟೊ ದ್ವೀಪದ ಪುರಾತನ ಬಂಡೆಯಲ್ಲಿ ಓಂಕಾಲೊ ಎಂಬ ಸುರಂಗವನ್ನು ತೋಡಲಾರಂಭಿಸಿತು. 400 ಮೀಟರಿಗೂ ಮಿಗಿಲಾದ ಆಳ. ಒಳಗೆ ಎರಕದ ಕಬ್ಬಿಣ, ಹೊರಗೆ 5 ಸೆಂಟಿಮೀಟರ್ ದಪ್ಪ ತಾಮ್ರವುಳ್ಳ ಡಬ್ಬಿಗಳು. ಇವನ್ನು ಸುರಂಗದ ನೆಲದಲ್ಲಿ ಕೊರೆದ ಕುಳಿಗಳಲ್ಲಿ ನಿಲ್ಲಿಸಿ, ಸುತ್ತಲೂ ಬೆಂಟೊನೈಟ್ ಎಂಬ ಜೇಡಿಯನ್ನು ಒತ್ತಿ ಮಾಡಿದ ದಿಂಡುಗಳನ್ನು ಜೋಡಿಸುವುದು ಕ್ರಮ. 2024ರಲ್ಲಿ ವಿಕಿರಣವಿಲ್ಲದ ಡಬ್ಬಿಗಳಿಂದ ಇದರ ತಾಲೀಮು ಆರಂಭವಾಯಿತು.

ಬೆಂಟೊನೈಟು ಜ್ವಾಲಾಮುಖಿಯ ಬೂದಿಯಿಂದಾದುದು. ಇದರ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟು ನಮ್ಮ ಎರೆಮಣ್ಣಿನಲ್ಲಿಯೂ ಇದೆ. ಹಾಗಾದರೆ ನಮ್ಮ ಹೊಲದ ಮಣ್ಣನ್ನೇ ಒಯ್ಯಬಾರದೇಕೆ? ನಮ್ಮದರಲ್ಲಿ ಮರಳು, ಸುಣ್ಣದ ಹರಳು, ಕೊಳೆತ ಎಲೆ-ಬೇರುಗಳು ಬೆರೆತಿವೆ. ಅದು ಬೆಳೆಗೆ ಒಳ್ಳೆಯದು, ಕಾವಲಿಗಲ್ಲ. ಮಾಂಟ್‌ಮೊರಿಲೊನೈಟಿನ ಕಣವು ತೆಳುಹಾಳೆಗಳ ಕಟ್ಟಿನಂತಿದ್ದು, ಹಾಳೆಗಳ ನಡುವೆ ನೀರು ನುಗ್ಗಿದಾಗ ಊದುತ್ತದೆ. ಊದಲು ಎಡೆಯಿಲ್ಲದ ಕುಳಿಯಲ್ಲಿ ಅದು ಸುತ್ತಲಿನ ಬಂಡೆಯನ್ನು ಹತ್ತಾರು ವಾತಾವರಣಗಳ ಒತ್ತಡದಿಂದ ಅದುಮುತ್ತದೆ. ಆಮೇಲೆ ಬಂದ ನೀರು ಹರಿಯಲಾರದು. ಅತಿ ನಿಧಾನವಾಗಿ ವಿಸರಣದಿಂದ ಮಾತ್ರ ಸಾಗಬಲ್ಲುದು. ಯಾವ ನೀರನ್ನು ತಡೆಯಬೇಕೋ ಆ ನೀರಿನಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ! ಡಬ್ಬಿ ಒಡೆದರೂ ಸೀಸಿಯಮ್ಮಿನಂತಹ ಧನವಿದ್ಯುದಂಶದ ಕಣಗಳನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ಅಯೋಡಿನ್ ಋಣಾಂಶದ್ದಾದುದರಿಂದ ಅದಕ್ಕೆ ಅಷ್ಟಾಗಿ ಸಿಕ್ಕುವುದಿಲ್ಲ.

ಕುಳಿಗಳನ್ನು ತುಂಬಿದರೆ ಕೆಲಸ ಮುಗಿಯಲಿಲ್ಲ. ನಾವು ತೋಡಿದ ಸುರಂಗವೇ ನೀರಿಗೆ ಹೆದ್ದಾರಿಯಾದೀತು. ಅಲ್ಲದೆ ಮೇಲೆ ಸುರಂಗ ಬರಿದಾಗಿದ್ದರೆ ಕುಳಿಯ ಜೇಡಿಯು ಅತ್ತ ಉಬ್ಬಿ ಸಡಿಲವಾಗುತ್ತದೆ. ಆದುದರಿಂದ ಸುರಂಗವನ್ನೂ ಜೇಡಿಯಿಂದಲೇ ತುಂಬಿ, ಬಾಯಿಗೆ ಕಾಂಕ್ರೀಟಿನ ಬಿರಡೆ ಹಾಕಬೇಕು. ಸ್ವೀಡನ್ನಿನವರು ಎಸ್ಪೊ ಪ್ರಯೋಗಶಾಲೆಯಲ್ಲಿ ಪುಡಿಗಲ್ಲಿಗೆ ಶೇಕಡಾ 30ರಷ್ಟು ಬೆಂಟೊನೈಟು ಬೆರೆಸಿ ತುಂಬಿ ನೋಡಿದರು. ಉಪ್ಪುನೀರಿನಲ್ಲಿ ಜೇಡಿಯ ಊದುವಿಕೆ ಕುಗ್ಗುವುದರಿಂದ ಅಂತಹ ಮಿಶ್ರಣ ಸಾಲದೆಂದು ಕಂಡು, ಮುಂದೆ ಜೇಡಿಯ ದಿಂಡುಗಳನ್ನೇ ಆರಿಸಿದರು. ಅಗ್ಗದ ಹಾದಿಯನ್ನು ಪರೀಕ್ಷಿಸಿ ಬಿಟ್ಟುಕೊಟ್ಟ ಈ ಪ್ರಾಮಾಣಿಕತೆಯು ನನಗೆ ಮೆಚ್ಚುಗೆಯಾಯಿತು.

ಲಕ್ಷ ವರ್ಷದ ಮಾತನ್ನು ಪರೀಕ್ಷಿಸುವುದೆಂತು? ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಬೆಟ್ಟದೊಳಗೆ 1997ರಲ್ಲಿ ಹೀಟರುಗಳ ಸುತ್ತ ಜೇಡಿ ತುಂಬಿ 100 ಡಿಗ್ರಿಯಲ್ಲಿ ಕಾಯಿಸತೊಡಗಿ, 2015ರಲ್ಲಿ ಕಡೆಯದಾಗಿ ಬಿಚ್ಚಿದರು. ಇಟ್ಟಿಗೆಗಳ ಸಂದುಗಳು ಮುಚ್ಚಿಹೋಗಿದ್ದವು. ಆದರೆ ಬಂಡೆಯ ಪಕ್ಕದ ಜೇಡಿಯೂ ಹೀಟರಿನ ಪಕ್ಕದ ಜೇಡಿಯೂ ಒಂದೇ ಸಾಂದ್ರತೆಗೆ ಬಂದಿರಲಿಲ್ಲ. ಹದಿನೆಂಟು ವರ್ಷವೆಂದರೆ ಲಕ್ಷದ ಮುಂದೆ ಏನು! ಅದಕ್ಕಾಗಿ ನಿಸರ್ಗದ ಕಡತವನ್ನೇ ತೆರೆಯಬೇಕಾಯಿತು. ಇಟಲಿಯ ದುನಾರೊಬ್ಬದಲ್ಲಿ ಜೇಡಿಯಲ್ಲಿ ಹೂತ ಮರದ ಬೊಡ್ಡೆಗಳು ಹತ್ತು ಲಕ್ಷ ವರ್ಷಗಳಿಗೂ ಮಿಗಿಲಾಗಿ ಕಲ್ಲಾಗದೆ, ಕೊಳೆಯದೆ, ಮರವಾಗಿಯೇ ನಿಂತಿವೆ. ಕೆನಡಾದ ಸಿಗಾರ್ ಲೇಕ್ ಎಂಬಲ್ಲಿ ಸುಮಾರು 430 ಮೀಟರ್ ಆಳದ ಯುರೇನಿಯಂ ಅದಿರು ಜೇಡಿಯ ಹೊದಿಕೆಯಲ್ಲಿ ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲದಿಂದ ಇದೆ. ಮೇಲಿನ ನೆಲದಲ್ಲಿ ಅದರ ಸುಳಿವು ಸಿಗುವುದಿಲ್ಲ.

ಆದರೂ ಸಂದೇಹ ಒಂದುಂಟು. ಮತ್ತೊಂದು ಹಿಮಯುಗ ಬಂದು ಕರಗಿದಾಗ ಲವಣವಿಲ್ಲದ ನೀರು ಆಳಕ್ಕಿಳಿದರೆ, ಜೇಡಿಯ ಕಣಗಳು ಬಿಡಿಬಿಡಿಯಾಗಿ ಬಂಡೆಯ ಬಿರುಕುಗಳಲ್ಲಿ ಕೊಚ್ಚಿಹೋಗಬಹುದು. ಸ್ವೀಡನ್, ಫಿನ್ಲೆಂಡುಗಳ ಸುರಕ್ಷತಾ ಲೆಕ್ಕಾಚಾರಗಳಲ್ಲಿ ಈ ಪ್ರಶ್ನೆಗೆ ದೊಡ್ಡ ಸ್ಥಾನವಿದೆ.

ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿ, ಉಳಿದ ಉಗ್ರ ತ್ಯಾಜ್ಯವನ್ನು ಗಾಜಿನಲ್ಲಿ ಬೆಸೆದಿಡುವ ಪದ್ಧತಿಯಿದೆ. ತಾರಾಪುರದಲ್ಲಿ ಈ ಕಾರ್ಯ ನಡೆದಿದೆ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ವಿದ್ಯುತ್ ಹೀಟರುಗಳಿಂದ ಬಂಡೆಯನ್ನು ಕಾಯಿಸಿ ಅದರ ನಡತೆಯನ್ನು ಅಳೆದರು. ಅದು ಬಂಡೆಯ ಪರೀಕ್ಷೆ. ಜೇಡಿಯೋ, ರಾಜಸ್ಥಾನದ ಬಾಡಮೇರಿನಲ್ಲಿಯೂ ಗುಜರಾತಿನ ಕಚ್ಛದಲ್ಲಿಯೂ ಹೇರಳವಾಗಿದೆ.