ಪೊರೆಯನ್ನು ಒಣಗಿಸಿ ನೋಡಿ ಎಂದರು

ಬೇರೆ ಸಂಸ್ಥೆಯ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದರೆ ಎಎಫ್‌ಎಂ ಯಂತ್ರದಲ್ಲಿ ಜೀವಕೋಶದ ಪೊರೆ, ಪ್ರೋಟೀನು ನೋಡಬೇಕು ಅಂತ ಹೊರಟಿರುವ ಸಂಶೋಧನಾ ವಿದ್ಯಾರ್ಥಿಗಳು ಸ್ಲಾಟ್ ಬುಕ್ ಮಾಡುವ ಮೊದಲು ಒಂದು ಮಾತನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸ್ಯಾಂಪಲ್ಲನ್ನು ನೀರಿನಲ್ಲೇ ಇಟ್ಟು ನೋಡಲು ಬೇಕಾದ ಲಿಕ್ವಿಡ್ ಸೆಲ್ ಇದೆ, ಹೊರಗಿನವರಿಗೂ ಕೊಡುತ್ತೇವೆ ಎಂಬ ಮಾತು. ಫೋನಿನಲ್ಲಿ ಕೇಳಿದಾಗಲೆಲ್ಲ ನನಗೆ “ಇದೆ ಮೇಡಂ, ಬನ್ನಿ” ಅಂದಿದ್ದರು. ಹೋದ ದಿನ ಆ ಮಾತಿಗೆ ಸಾಕ್ಷಿಯೇ ಇರಲಿಲ್ಲ.

ನಮ್ಮದು ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ. ಕೆಂಪು ತೊಳೆಯ ಸಿದ್ದು ಹಲಸು ಹೆಸರು ಮಾಡಿದ್ದು ಅಲ್ಲಿಂದಲೇ. ಹಲಸಿನ ಬೀಜದಲ್ಲಿ ಜಾಕಲಿನ್ ಎಂಬ ಪ್ರೋಟೀನು ಇದೆ. ಗ್ಯಾಲಕ್ಟೋಸ್ ಎಂಬ ಸಕ್ಕರೆ ಕಂಡರೆ ಅದು ಹಿಡಿದುಕೊಳ್ಳುತ್ತದೆ. ಕ್ಯಾನ್ಸರ್ ಕೋಶಗಳ ಮೈಮೇಲೆ ಕಾಣಿಸುವ ಟಿ-ಆಂಟಿಜೆನ್ ಎಂಬ ಸಕ್ಕರೆ ಗುರುತನ್ನೂ ಹಿಡಿಯುತ್ತದೆ. ರಕ್ತದ ಸೀರಮ್ಮಿನಿಂದ ಐಜಿಎ1 ಪ್ರತಿಕಾಯವನ್ನು ಬೇರ್ಪಡಿಸಲು ಲ್ಯಾಬುಗಳು ಇದನ್ನೇ ದುಡ್ಡು ಕೊಟ್ಟು ತರಿಸುತ್ತವೆ. ಇದರ ಮೂರು ಆಯಾಮದ ರಚನೆಯನ್ನು 1996ರಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ವಿಜಯನ್ ಅವರ ತಂಡ. ನಾಲ್ಕು ಘಟಕ ಸೇರಿ ಒಂದು ಅಣು, ಒಂದೊಂದು ಘಟಕದಲ್ಲಿ 133 ಅಮೈನೋ ಆಮ್ಲಗಳ ಒಂದು ಸರಪಳಿ, 20ರ ಇನ್ನೊಂದು. ನಮ್ಮ ಹಿತ್ತಲಲ್ಲಿ ಬೀಳುವ ಬೀಜದ ಬಗ್ಗೆ ನಮ್ಮ ರಾಜ್ಯದಲ್ಲೇ ಇಷ್ಟು ಕೆಲಸ ಆಗಿದೆ ಎಂದು ಓದಿದ ದಿನ ನನ್ನ ವಿಷಯ ನಿಶ್ಚಯವಾಯಿತು.

ಆ ರಚನೆ ಸ್ಫಟಿಕದೊಳಗಿನದು. ಅದೇ ಅಣು ನೀರಿನಲ್ಲಿ, ಸಕ್ಕರೆ ತಲೆಗಳಿರುವ ಪೊರೆಯ ಮೇಲೆ ಹೇಗೆ ಕೂರುತ್ತದೆ, ಒಂಟಿಯಾಗಿ ಕೂರುತ್ತದೋ ಗುಂಪು ಕಟ್ಟುತ್ತದೋ? ಇದು ನನ್ನ ಪ್ರಶ್ನೆ. ಇದಕ್ಕೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪೇ ಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸಾಮಾನ್ಯವಾಗಿ ಸ್ಯಾಂಪಲ್ಲನ್ನು ಒಣಗಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಬೇಕು. ಎಎಫ್‌ಎಂನಲ್ಲಿ ಹತ್ತು ನ್ಯಾನೋಮೀಟರ್ ಆಸುಪಾಸಿನ ಮೊನೆಯೊಂದು ಸ್ಯಾಂಪಲ್ಲನ್ನು ಸವರುತ್ತ ಹೋಗುತ್ತದೆ. ಮೊನೆ ಹೊತ್ತ ಕ್ಯಾಂಟಿಲಿವರ್ ಎಷ್ಟು ಬಾಗಿತೆಂದು ಅದರ ಬೆನ್ನಿಗೆ ಬಿದ್ದ ಲೇಸರ್ ಹೇಳುತ್ತದೆ. ಬಿನ್ನಿಗ್, ಕ್ವೇಟ್, ಗೆರ್ಬರ್ ಮೂವರೂ 1986ರಲ್ಲಿ ಇದನ್ನು ಪ್ರಕಟಿಸಿದರು. ಮೂರೇ ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಹ್ಯಾನ್ಸ್ಮಾ ತಂಡ ನೀರಿನೊಳಗೇ ಮೊನೆ ಇಳಿಸಿ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆ ಬೆಳೆಯುವುದನ್ನು ನೋಡಿತು. 2010ರಲ್ಲಿ ಜಪಾನಿನ ತೋಶಿಯೊ ಆಂಡೊ ತಂಡ ಮಯೋಸಿನ್ ಅಣು ಹೆಜ್ಜೆ ಹಾಕುವುದನ್ನೇ ಸೆರೆಹಿಡಿಯಿತು. ನೀರಿನಲ್ಲಿ ನೋಡುವುದೇ ಈ ವಿದ್ಯೆಯ ಹೆಚ್ಚುಗಾರಿಕೆ. ಇದನ್ನು ನಾನು ಆ ದಿನ ಒಬ್ಬ ಅಧಿಕಾರಿಗೆ ಕಾರಿಡಾರಿನಲ್ಲಿ ನಿಂತು ವಿವರಿಸಬೇಕಾಯಿತು.

ನಾನು ಕುಣಿಗಲ್ಲಿನಲ್ಲಿ ಅತಿಥಿ ಉಪನ್ಯಾಸಕಿ. ಗೈಡ್ ತುಮಕೂರಿನಲ್ಲಿ, ಯಂತ್ರ ಬೆಂಗಳೂರಿನಲ್ಲಿ. ಮೆತ್ತನೆಯ ಕ್ಯಾಂಟಿಲಿವರ್‌ಗಳ ಒಂದು ಡಬ್ಬಿಗೆ ನನ್ನ ಒಂದು ತಿಂಗಳ ಸಂಬಳ ಸಾಲದು. ಆದರೂ ನನ್ನದೇ ಡಬ್ಬಿ ತರಿಸಿಕೊಂಡೆ, ಏಕೆಂದರೆ ಅಲ್ಲಿ ಇಟ್ಟಿರುವುದು ಲೋಹ, ಪಾಲಿಮರ್ ನೋಡುವ ಗಟ್ಟಿ ಕ್ಯಾಂಟಿಲಿವರ್. ಅದನ್ನು ನೀರಿನಲ್ಲಿರುವ ಪೊರೆಗೆ ಒತ್ತಿದರೆ ಪೊರೆ ಹರಿಯುತ್ತದೆ. ಡಿಒಪಿಸಿ ಲಿಪಿಡ್ಡಿಗೆ ಡಿಜಿಡಿಜಿ ಎಂಬ ಸಸ್ಯಲಿಪಿಡ್ಡನ್ನು ಸ್ವಲ್ಪ ಬೆರೆಸಿ ಲಿಪೊಸೋಮ್ ಎಂಬ ಪೊರೆಯ ಸಣ್ಣ ಚೀಲಗಳನ್ನು ಮಾಡಿದ್ದೆ. ಡಿಜಿಡಿಜಿಯ ತುದಿಯಲ್ಲಿ ಗ್ಯಾಲಕ್ಟೋಸ್ ಇದೆ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್, ಐಸಿನ ಮೇಲೆ ಹತ್ತಿ, ಹತ್ತಿಯ ಮೇಲೆ ಟ್ಯೂಬುಗಳು. ಐಸು ನೇರ ತಾಗಿ ಹೆಪ್ಪುಗಟ್ಟಿದರೆ ಲಿಪೊಸೋಮ್ ಒಡೆದುಹೋಗುತ್ತವೆ. ಗುಬ್ಬಿಯಲ್ಲಿ ರೈಲು ಹತ್ತಿದವಳು ಯಶವಂತಪುರದವರೆಗೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ.

ಹತ್ತು ಗಂಟೆಗೆ ಲ್ಯಾಬಿನಲ್ಲಿದ್ದೆ. ಲಿಪೊಸೋಮ್ ಹರಡಲು ಮೈಕಾ ಬೇಕು, ಅಂದರೆ ನಮ್ಮ ಕಾಗೆಬಂಗಾರ. ಗುಂಡಗಿನ ಮೈಕಾ ತುಂಡಿಗೆ ಸೆಲ್ಲೋ ಟೇಪ್ ಒತ್ತಿ ಎಳೆದರೆ ಮೇಲಿನ ಪದರ ಕಿತ್ತು ಬರುತ್ತದೆ, ಕೆಳಗೆ ಪರಮಾಣು ಮಟ್ಟದಲ್ಲಿ ಸಮತಟ್ಟಾದ ಹೊಸ ಮೈ. ಟೇಪನ್ನು ಬೆಳಕಿಗೆ ಹಿಡಿದು ನೋಡಬೇಕು, ಪದರ ಪೂರ್ತಿ ಬಂದಿರಬೇಕು. ಅರ್ಧ ಬಂದರೆ ಮತ್ತೆ ಎಳೆಯಬೇಕು. ನಾನು ಎಳೆದು, ಕ್ಯಾಲ್ಸಿಯಂ ಬೆರೆಸಿದ ಬಫರಿನಲ್ಲಿ ಲಿಪೊಸೋಮ್ ಹನಿಸಿ, ಒದ್ದೆ ಟಿಶ್ಯೂ ಹಾಸಿದ ಪೆಟ್ರಿ ಡಿಶ್ಶಿನಲ್ಲಿ ಮುಚ್ಚಿಟ್ಟೆ. ಆಗ ತಾಂತ್ರಿಕ ಅಧಿಕಾರಿ ಬಂದರು.

“ಲಿಕ್ವಿಡ್ ಸೆಲ್ ಹೊರಗಿನವರಿಗೆ ಕೊಡಲ್ಲ ಮೇಡಂ. ಉಪ್ಪು ನೀರು ಸ್ಕ್ಯಾನರಿಗೆ ಬಿದ್ರೆ ಯಾರು ಕಟ್ಟಿಕೊಡ್ತಾರೆ? ಡ್ರೈ ಮಾಡ್ಕೊಂಡು ಹಾಕಿ, ನೋಡೋಣ.”

ಸ್ಕ್ಯಾನರ್ ಕೆಡುವ ಭಯ ನ್ಯಾಯವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಫೋನಿನಲ್ಲೇ ಹೇಳಬೇಕಿತ್ತು. ಗಾಳಿ ತಾಗಿದ ತಕ್ಷಣ ಎರಡು ಪದರದ ಲಿಪಿಡ್ ಪೊರೆ ಮಗುಚಿ ಮುದ್ದೆಯಾಗುತ್ತದೆ. ಪಾತ್ರೆಯ ಅಂಚಿಗೆ ಒಣಗಿ ಅಂಟಿದ್ದನ್ನು ನೋಡಿ ಹಾಲಿನ ಕೆನೆ ಹೀಗಿರುತ್ತದೆ ಎಂದು ಬರೆದ ಹಾಗಾಗುತ್ತದೆ. ಅದನ್ನೇ ಹೇಳಿದೆ. “ಎಲ್ರೂ ಡ್ರೈನೇ ಮಾಡ್ಕೊಂಡು ಹೋಗ್ತಾರೆ, ನಿಮ್ಮದೇನು ಸ್ಪೆಷಲ್ಲು?” ಅಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯದೀಪ್ ಬಸು, ಗಣಪತಿ ಅಯ್ಯಪ್ಪ ಅವರ ತಂಡಗಳು ಬ್ಯಾಕ್ಟೀರಿಯಾದ ವಿಷಪ್ರೋಟೀನು ಪೊರೆಗೆ ರಂಧ್ರ ಕೊರೆಯುವುದನ್ನು ಹೀಗೆ ಆಧಾರದ ಮೇಲೆ ಹರಡಿದ ಪೊರೆಗಳಲ್ಲೇ ನೋಡಿವೆ ಎಂದೆ. ಅವರು ಮೊಬೈಲು ನೋಡುತ್ತಿದ್ದರು.

ನಾನು ಕದಲಲಿಲ್ಲ. ಲಿಕ್ವಿಡ್ ಸೆಲ್ ಕೊಡಲು ಬೇಕಾದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಮೀಟಿಂಗಿನಲ್ಲಿದ್ದರು. ಅವರ ಬಾಗಿಲ ಮುಂದೆ ಕೂರುವುದು, ನಡುನಡುವೆ ಓಡಿಬಂದು ಪೆಟ್ರಿ ಡಿಶ್ ತೆರೆದು ಪಿಪೆಟ್ಟಿನಲ್ಲಿ ಬಫರ್ ಹನಿಸುವುದು. ಎಸಿ ಕೋಣೆಯ ಒಣ ಗಾಳಿಗೆ ಹನಿ ಅಂಚಿನಿಂದ ಒಳಕ್ಕೆ ಸರಿಯುತ್ತಿತ್ತು. ಒಮ್ಮೆ ಬಂದಾಗ ಮೈಕಾದ ಒಂದು ಬದಿ ಬೋಳಾಗುವುದಕ್ಕೆ ಕೂದಲೆಳೆಯಷ್ಟು ಉಳಿದಿತ್ತು. ಕೈ ನಡುಗಿದರೆ ಪಿಪೆಟ್ಟಿನ ತುದಿ ಪೊರೆಯನ್ನೇ ಗೀಚುತ್ತದೆ ಅಂತ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಹನಿಸಿದೆ. ಊಟದ ಹೊತ್ತು ಹೋಯಿತು. ಸಹಿ ಬಿದ್ದಾಗ ಮಧ್ಯಾಹ್ನ ಮೂರು ದಾಟಿತ್ತು.

ಆಮೇಲೂ ಯಂತ್ರ ಕೂಡಲೇ ಒಲಿಯಲಿಲ್ಲ. ಕ್ಯಾಂಟಿಲಿವರಿನ ಕೆಳಗೆ ಗುಳ್ಳೆ. ನೀರಿಗಿಳಿದ ಮೇಲೆ ಲೇಸರ್ ಬಾಗುತ್ತದಾದ್ದರಿಂದ ಮತ್ತೆ ಹೊಂದಿಸಬೇಕು. ಬೆನ್ನಿಗೆ ಚಿನ್ನ ಲೇಪಿಸಿದ ಕ್ಯಾಂಟಿಲಿವರ್ ಬಫರಿನ ಉಷ್ಣತೆಗೆ ಒಗ್ಗುವವರೆಗೆ ತಾನೇ ಬಾಗುತ್ತ ಇರುತ್ತದೆ, ಕಾಯದೆ ಗತಿಯಿಲ್ಲ. 512 ಗೆರೆ, ಸೆಕೆಂಡಿಗೊಂದು ಗೆರೆ ಅಂದರೆ ಒಂದು ಚಿತ್ರಕ್ಕೆ ಎಂಟೂವರೆ ನಿಮಿಷ. ಮೊದಲ ಚಿತ್ರದಲ್ಲಿ ಪೊರೆ ಸಮತಟ್ಟಾಗಿ ಹರಡಿತ್ತು, ಅಲ್ಲಲ್ಲಿ ತೂತು. ತೂತಿನ ಆಳ ಸುಮಾರು ಐದು ನ್ಯಾನೋಮೀಟರ್. ಮೊನೆಯನ್ನು ಒಂದೆಡೆ ನಿಲ್ಲಿಸಿ ಒತ್ತಿದಾಗ ತಡೆದು ತಡೆದು ಆಮೇಲೆ ಒಮ್ಮೆಲೇ ಒಳಕ್ಕೆ ಇಳಿಯಿತು. ಪೊರೆಯೇ ಸರಿ, ಕೊಳೆಯಲ್ಲ. ಬೆಳಗಿನಿಂದ ಹನಿ ಹನಿಯಾಗಿ ಕಾದದ್ದು ಬದುಕಿತ್ತು.

ಪೊರೆಯ ಮೇಲಿನ ಬಫರಿಗೆ ಜಾಕಲಿನ್ ಬಿಟ್ಟೆ. ಮುಂದಿನ ಚಿತ್ರದಲ್ಲಿ ಪೊರೆಯ ಮೇಲೆ ಆರು ನ್ಯಾನೋಮೀಟರ್ ಎತ್ತರದ ಉಬ್ಬುಗಳು ಒಂದೊಂದಾಗಿ ಗೆರೆಯ ಮೇಲೆ ಬರತೊಡಗಿದವು. ಉಬ್ಬು ಕಂಡ ಮಾತ್ರಕ್ಕೆ ಅದು ಸಕ್ಕರೆಯನ್ನು ಹಿಡಿದು ಕೂತ ಜಾಕಲಿನ್ ಆಗಿಬಿಡುವುದಿಲ್ಲ. ಸುಮ್ಮನೆ ಅಂಟಿದ್ದೂ ಇರಬಹುದು. ಸಕ್ಕರೆಯನ್ನೇ ಹಿಡಿದು ಕೂತಿದ್ದರೆ, ಗ್ಯಾಲಕ್ಟೋಸ್ ದ್ರಾವಣ ಬಿಟ್ಟಾಗ ಅದು ಪೊರೆ ಬಿಟ್ಟು ಏಳಬೇಕು. ಆ ಪರೀಕ್ಷೆಯಿಲ್ಲದೆ ಚಿತ್ರಕ್ಕೆ ಬೆಲೆಯಿಲ್ಲ. ಗ್ಯಾಲಕ್ಟೋಸ್ ತುಂಬಿದ ಸಿರಿಂಜ್ ಕೈಯಲ್ಲಿ ಹಿಡಿದಿದ್ದೆ.

“ಐದಾಯ್ತು ಮೇಡಂ.” ತಾಂತ್ರಿಕ ಅಧಿಕಾರಿ ನನ್ನ ಭುಜದ ಮೇಲಿನಿಂದ ಕೈ ಚಾಚಿ ಮೌಸ್ ಒತ್ತಿದರು. ಮೊನೆ ಮೇಲೆದ್ದಿತು. ಇನ್ನು ಹತ್ತು ನಿಮಿಷ, ಒಂದೇ ಒಂದು ಚಿತ್ರ ಅಂತ ಬೇಡಿಕೊಂಡೆ. ಲಾಗ್‌ಬುಕ್ಕಿನಲ್ಲಿ ಐದು ಗಂಟೆ ಬರೆದು ಸಹಿ ಹಾಕಿಸಿಕೊಂಡರು. ಶುಲ್ಕ ಪೂರ್ತಿ ದಿನದ್ದು. ಆ ಹತ್ತು ನಿಮಿಷಕ್ಕಾಗಿ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಕುಣಿಗಲ್ಲಿನ ಅಕ್ಕನ ಮನೆಗೆ ಬಂದಾಗ ಭಾವ, “ಚಿತ್ರ ಬಂತಲ್ಲ, ಹಾಕಿ ಮುಗ್ಸು ಕಣಮ್ಮ. ಯಾರು ನೋಡಕ್ಕೋಗ್ತಾರೆ?” ಅಂದರು. ಭಾವನಿಗೆ ಗೊತ್ತಿಲ್ಲ, ಬಿಡಿ. ಥೀಸಿಸ್ ದಾಟಿಸಿದರೆ ಸಾಕು ಅನ್ನುವವರು ಓದಿದವರಲ್ಲೂ ಇದ್ದಾರೆ, ನೋವಾಗುವುದು ಅದಕ್ಕೆ. ಆ ಚಿತ್ರವನ್ನು ನಾನು ಥೀಸಿಸ್ಸಿಗೆ ಹಾಕಲಿಲ್ಲ. ಆಮೇಲೆ ಬೇರೊಂದು ಸಂಸ್ಥೆ ಸ್ಲಾಟ್ ಕೊಟ್ಟಿತು. ಮೊದಲಿಂದ ಎಲ್ಲವನ್ನೂ ಮಾಡಿದೆ. ಗ್ಯಾಲಕ್ಟೋಸ್ ಬಿಟ್ಟ ಮೇಲೆ ಉಬ್ಬುಗಳಲ್ಲಿ ಹೆಚ್ಚಿನವು ಹೋದವು, ಕೆಲವು ಉಳಿದವು. ಉಳಿದದ್ದನ್ನೂ ಹಾಗೇ ಬರೆದೆ.

ಹೋಗುವವರಿಗೆ ಇನ್ನೆರಡು ಮಾತು. ಉಬ್ಬಿನ ಅಗಲ ನಂಬಬೇಡಿ, ಮೊನೆಯ ದಪ್ಪವೂ ಅದರಲ್ಲಿ ಸೇರಿರುತ್ತದೆ. ಮೊನೆಯನ್ನು ಆದಷ್ಟು ಮೆಲ್ಲಗೆ ಒತ್ತಿ ಅಳೆದರೆ ಎತ್ತರವನ್ನು ನಂಬಬಹುದು. ಪ್ರೋಟೀನು ಹಾಕದ ಬರಿ ಪೊರೆಯ ಚಿತ್ರವನ್ನು ಮೊದಲು ತೆಗೆದಿಡಿ. ಕಚ್ಚಾ ಫೈಲುಗಳನ್ನು ಅಲ್ಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಕಳಿಸುತ್ತೇವೆ ಎಂದರೆ ಒಪ್ಪಬೇಡಿ.

ಯಂತ್ರಗಳ ಉಸ್ತುವಾರಿ ಹೊತ್ತವರಲ್ಲೂ ಒಂದು ಕೇಳಿಕೆ. ಇವು ಸಾರ್ವಜನಿಕರ ಹಣದಲ್ಲಿ ಬಂದ ಯಂತ್ರಗಳು. ಗುಬ್ಬಿಯಿಂದ, ಕುಣಿಗಲ್ಲಿನಿಂದ ರಜೆ ಹಾಕಿ ಬಂದವರಿಗೆ ಲಿಕ್ವಿಡ್ ಸೆಲ್ ಕೊಡುವುದಾದರೆ ಕೊಡುತ್ತೇವೆ ಎನ್ನಿ, ಇಲ್ಲದಿದ್ದರೆ ಇಲ್ಲವೆನ್ನಿ. ಅದನ್ನು ಬುಕಿಂಗ್ ಫಾರಮ್ಮಿನಲ್ಲೇ ಅಚ್ಚು ಹಾಕಿಸಿ.